ಚೌಕಿಯ ಬೆಳಕಿಗೊಂದು ಪುಟ್ಟ ಕ್ಯಾಮೆರಾ

ಹೊನ್ನಾವರದ ಕಡೆಯ ನಮ್ಮ ಚಿಕ್ಕಪ್ಪ ಹವ್ಯಾಸಿ ಯಕ್ಷಗಾನ ವೇಷಧಾರಿ. ಕಳೆದ ವರ್ಷ ಮಳೆಗಾಲ ಹಿಡಿಯುವ ಮುಂಚೆ ನಡೆದ ಒಂದು ಆಟದಲ್ಲಿ ಅವರ ವೇಷವನ್ನು ನಾನು ಫೋನಿನಲ್ಲಿ ಚಿತ್ರೀಕರಿಸಿ, ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಎರಡು ಬಾರಿ ನೋಡಿ, "ಮುಖ ಕಾಣ್ತದೆ ಮಾರಾಯ, ಕಣ್ಣು ಕಾಣೂದಿಲ್ಲ" ಎಂದರು. ನಿಲ್ಲಿಸಿ ದೊಡ್ಡದು ಮಾಡಿ ನೋಡಿದರೆ ಅವರ ಮಾತು ನಿಜವಾಗಿತ್ತು. ಕಡಿಮೆ ಬೆಳಕಿನಲ್ಲಿ ಮೂಡುವ ಕಾಳುಕಾಳನ್ನು ಅಳಿಸಲು ಹೊರಟ ಫೋನು, ಹುಬ್ಬಿನ ಕೆಳಗಿನ ಕಾಡಿಗೆಯ ಗೆರೆ, ಕಣ್ಣಿನ ಬಿಳಿ, ಹಣೆಯ ನಾಮದ ಅಂಚು ಎಲ್ಲವನ್ನೂ ಒಟ್ಟಿಗೆ ಒರೆಸಿ, ಗೋಡೆಗೆ ಗಾರೆ ಹಚ್ಚಿದಂತೆ ನುಣ್ಣಗೆ ಮಾಡಿಟ್ಟಿತ್ತು.

ಅಂದಿನಿಂದ ಸುಮಾರು ಎರಡು ತಿಂಗಳು, ಫೋಟೊ ಮತ್ತು ವಿಡಿಯೊ ಎರಡಕ್ಕೂ ಆಗುವ, ಅಂಗಿಯ ಜೇಬಿನಲ್ಲಲ್ಲದಿದ್ದರೂ ಪ್ಯಾಂಟಿನ ಜೇಬಿನಲ್ಲಿ ಹಿಡಿಯುವ, 30,000 ರೂಪಾಯಿ ದಾಟದ ಒಂದು ಕಾಂಪ್ಯಾಕ್ಟ್ ಕ್ಯಾಮೆರಾಕ್ಕಾಗಿ ಹುಡುಕಾಡಿದೆ. ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾವನ್ನು ಬೇಡವೆಂದದ್ದು ಹಣದ ಕಾರಣಕ್ಕೆ ಮಾತ್ರವಲ್ಲ. ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತ ಕುಳಿತವರ ಮುಂದೆ ದೊಡ್ಡ ಲೆನ್ಸ್ ಎತ್ತಿದ ಕೂಡಲೇ ಅವರು ಸೆಟೆದು ಕೂರುತ್ತಾರೆ, ಮಾತು ನಿಲ್ಲುತ್ತದೆ. ಪುಟ್ಟ ಕ್ಯಾಮೆರಾವನ್ನು ಐದು ನಿಮಿಷದಲ್ಲಿ ಮರೆತುಬಿಡುತ್ತಾರೆ.

ಇದಕ್ಕೂ ಮೊದಲು ಒಮ್ಮೆ ಎಡವಿದ್ದೆ. 2013ರಲ್ಲಿ ಅಂಗಡಿಯವನ ಮಾತು ಕೇಳಿ, 16 ಮೆಗಾಪಿಕ್ಸೆಲ್‌ನ, 20 ಪಟ್ಟು ಜೂಮ್ ಇದ್ದ ಒಂದು ಕ್ಯಾಮೆರಾ ಕೊಂಡಿದ್ದೆ. ಹಗಲಿನಲ್ಲಿ ಅದು ಅಪ್ಸರಕೊಂಡದ ಜಲಪಾತವನ್ನೂ ದೂರದ ದೋಣಿಯನ್ನೂ ಚೆನ್ನಾಗಿಯೇ ತೆಗೆಯುತ್ತಿತ್ತು. ರಾತ್ರಿ ರಂಗಸ್ಥಳದ ಕಡೆ ತಿರುಗಿಸಿ ಜೂಮ್ ಮಾಡಿದರೆ ಮಾತ್ರ ಕಿರೀಟವೂ ಮುಖವೂ ಮರಳಿನಲ್ಲಿ ಬರೆದ ಚಿತ್ರದಂತೆ ಕಾಣುತ್ತಿದ್ದವು. ಮೆಗಾಪಿಕ್ಸೆಲ್ ಮತ್ತು ಜೂಮ್ ಎಂಬ ಎರಡು ಸಂಖ್ಯೆಗಳನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ. ನನಗೆ ಬೇಕಾಗಿದ್ದ ಎರಡು ಸಂಖ್ಯೆಗಳು ಆ ಪೆಟ್ಟಿಗೆಯ ತಳಭಾಗದಲ್ಲಿ ಸಣ್ಣಕ್ಷರದಲ್ಲಿದ್ದವು.

ಅವುಗಳಲ್ಲಿ ಮೊದಲನೆಯದು, ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್ ಆದ ಸೆನ್ಸರ್‌ನ ಅಳತೆ. ಅಗ್ಗದ ಕಾಂಪ್ಯಾಕ್ಟ್‌ಗಳಲ್ಲೂ ಉದ್ದ ಜೂಮಿನವುಗಳಲ್ಲೂ ಸಾಮಾನ್ಯವಾಗಿ ಇರುವುದು 1/2.3 ಇಂಚು ಎಂದು ಕರೆಯಲಾಗುವ ಸೆನ್ಸರ್. ಅದು ನಿಜವಾಗಿ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಅಂದರೆ ಒಂದು ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡದು. 1 ಇಂಚಿನದು ಎನ್ನುವ ಸೆನ್ಸರ್ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರವಿದ್ದು, ಬೆಳಕು ಬೀಳುವ ಜಾಗ ಮೊದಲನೆಯದರ ನಾಲ್ಕು ಪಟ್ಟಿನಷ್ಟಾಗುತ್ತದೆ. ಅಳತೆಪಟ್ಟಿ ಹಿಡಿದರೆ ಇದರ ಯಾವ ಮಗ್ಗುಲೂ ಒಂದು ಇಂಚಿಲ್ಲ, ಕರ್ಣವೂ ಇಲ್ಲ. ಹಳೆಯ ಟೆಲಿವಿಷನ್ ಕ್ಯಾಮೆರಾಗಳಲ್ಲಿದ್ದ ಗಾಜಿನ ಕೊಳವೆಯ ಹೊರವ್ಯಾಸದ ಲೆಕ್ಕ ಇನ್ನೂ ಹೆಸರಿನಲ್ಲಿ ಉಳಿದುಕೊಂಡಿದೆ, ಅಷ್ಟೆ. ನಮ್ಮಲ್ಲಿ ಸೇರು ಪಾವು ಮಾತಿನಲ್ಲಿ ಉಳಿದ ಹಾಗೆ.

ಎರಡನೆಯದು ಲೆನ್ಸಿನ ಎಫ್ ಸಂಖ್ಯೆ. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, ಮತ್ತು ವ್ಯತ್ಯಾಸ ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ. 2018ರಲ್ಲಿ ಬಂದ ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್740 ಜೇಬಿಗೆ ಹಿಡಿಯುವ ಗಾತ್ರದಲ್ಲೇ 40 ಪಟ್ಟು ಜೂಮ್ ಕೊಡುತ್ತದೆ. ಆದರೆ ಅದರ ಲೆನ್ಸ್ ಎಫ್ 3.3ರಿಂದ ಆರಂಭವಾಗಿ, ಪೂರ್ತಿ ಜೂಮಿನಲ್ಲಿ ಎಫ್ 6.9ಕ್ಕೆ ಇಳಿಯುತ್ತದೆ. ಎಫ್ 1.8ಕ್ಕೆ ಹೋಲಿಸಿದರೆ ಅಲ್ಲಿ ಬರುವುದು ಹದಿನೈದರಲ್ಲಿ ಒಂದು ಪಾಲಿನಷ್ಟು ಬೆಳಕು. ಹಕ್ಕಿಗಳನ್ನೋ ಬೆಟ್ಟದ ಮೇಲಿನ ಗುಡಿಯನ್ನೋ ಬಿಸಿಲಿನಲ್ಲಿ ತೆಗೆಯುವವರಿಗೆ ಇದು ಕೊರತೆಯೇ ಅಲ್ಲ, ಅವರು ಕಣ್ಣುಮುಚ್ಚಿ ಅಂಥದನ್ನು ಕೊಳ್ಳಬಹುದು. ನನ್ನ ಬೆಳಕು ರಾತ್ರಿಯದು.

ಆದ್ದರಿಂದ ಕ್ಯಾಮೆರಾ ಆಯ್ಕೆಗೆ ಮೊದಲು ನಾನು ಒಂದು ಹಾಳೆಯಲ್ಲಿ ಬರೆದುಕೊಂಡದ್ದು ಮಾದರಿಗಳ ಹೆಸರನ್ನಲ್ಲ, ನಾನು ನಿಲ್ಲುವ ಜಾಗಗಳನ್ನು. ಚೌಕಿಯಲ್ಲಿ ವೇಷಧಾರಿಯಿಂದ ಮೂರು ಅಡಿ ದೂರ, ಒಂದು ಬಲ್ಬಿನ ಬೆಳಕು. ಆಟದಲ್ಲಿ ಎರಡನೆಯ ಸಾಲಿನ ಅಂಚಿನ ಕುರ್ಚಿ, ರಂಗಸ್ಥಳಕ್ಕೆ ಹದಿನೈದು ಇಪ್ಪತ್ತು ಅಡಿ. ಮನೆಯಲ್ಲಿ ಮದುವೆ, ಉಪನಯನ, ಜಗುಲಿ. ಇವುಗಳಲ್ಲಿ ಯಾವುದಕ್ಕೂ 40 ಪಟ್ಟು ಜೂಮ್ ಬೇಡ. ಎಲ್ಲಕ್ಕೂ ಬೇಕಾದದ್ದು ದೊಡ್ಡ ಸೆನ್ಸರ್ ಮತ್ತು ಬಾಯಿ ಅಗಲವಿರುವ ಲೆನ್ಸ್. ಇಷ್ಟು ಬರೆದ ಮೇಲೆ ಅರ್ಧಕ್ಕರ್ಧ ಮಾದರಿಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋದವು.

ಉಳಿದವುಗಳಲ್ಲಿ ಹೊಸದಾಗಿ ಕೊಳ್ಳಬಹುದಾದವು ನನ್ನ ಕೈಗೆ ಎಟುಕುತ್ತಿರಲಿಲ್ಲ. 2010ರಲ್ಲಿ ಜಪಾನಿನ ತಯಾರಕರು ಜಗತ್ತಿಗೆಲ್ಲ ಕಳುಹಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚಿದ್ದವು, ಅವುಗಳಲ್ಲಿ ಬಹುಪಾಲು ಇಂಥ ಕಾಂಪ್ಯಾಕ್ಟ್‌ಗಳೇ. ಫೋನುಗಳು ಬಂದು ಆ ಮಾರುಕಟ್ಟೆಯನ್ನು ನುಂಗಿದ ಮೇಲೆ ಉಳಿದುಕೊಂಡದ್ದು ಹೆಚ್ಚಾಗಿ ದುಬಾರಿ ಮಾದರಿಗಳು. ಕ್ಯಾನನ್ ಜಿ7ಎಕ್ಸ್ ಮಾರ್ಕ್ 3 ನನಗೆ ಎಲ್ಲ ರೀತಿಯಲ್ಲೂ ಒಪ್ಪುತ್ತಿತ್ತು: 1 ಇಂಚಿನ ಸೆನ್ಸರ್, 24ರಿಂದ 100 ಮಿ.ಮೀ. ವ್ಯಾಪ್ತಿ (ಈ ಸಂಖ್ಯೆ ಚಿಕ್ಕದಾದಷ್ಟೂ ದೃಶ್ಯ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ), ಎಫ್ 1.8ರಿಂದ 2.8, ಮೈಕ್ ಸಿಕ್ಕಿಸುವ ತೂತು. ಆದರೆ 2019ರ ಆ ಕ್ಯಾಮೆರಾ ಈಚೆಗೆ ರೀಲ್ಸ್ ಮಾಡುವವರ ಕಣ್ಣಿಗೆ ಬಿದ್ದು, ಹಳೆಯದಕ್ಕೂ ಹೊಸದರ ಬೆಲೆ ಕೇಳುವ ಸ್ಥಿತಿ ಬಂದಿದೆ. ಸೋನಿ ಜಡ್‌ವಿ-1ಎಫ್ ಅದಕ್ಕಿಂತ ಅಗ್ಗ. ಅದರದು ಜೂಮ್ ಇಲ್ಲದ 20 ಮಿ.ಮೀ. ಲೆನ್ಸ್, ಕೈಯಲ್ಲಿ ಹಿಡಿದು ತನ್ನತ್ತ ತಿರುಗಿಸಿಕೊಂಡು ಮಾತಾಡುವವರಿಗಾಗಿ ಮಾಡಿದ್ದು. ಎರಡನೆಯ ಸಾಲಿನಿಂದ ಅದರಲ್ಲಿ ತೆಗೆದರೆ ರಂಗಸ್ಥಳಕ್ಕಿಂತ ಚಪ್ಪರವೇ ಹೆಚ್ಚು ಬರುತ್ತದೆ.

ಕೊನೆಗೆ ನಿಂತದ್ದು 2014ರ ಸೋನಿ ಆರ್‌ಎಕ್ಸ್100 ಮಾರ್ಕ್ 3ರ ಮೇಲೆ, ಅದೂ ಸೆಕೆಂಡ್ ಹ್ಯಾಂಡ್. 24ರಿಂದ 70 ಮಿ.ಮೀ., ಎಫ್ 1.8ರಿಂದ 2.8, ಬ್ಯಾಟರಿ ಸೇರಿ 290 ಗ್ರಾಂ. 4ಕೆ ವಿಡಿಯೊ ಇಲ್ಲ, ಟಚ್ ಸ್ಕ್ರೀನ್ ಇಲ್ಲ, ಮೈಕ್ ತೂತು ಇಲ್ಲ. ಹತ್ತು ವರ್ಷ ದಾಟಿದ ಕ್ಯಾಮೆರಾಕ್ಕೆ 27,000 ರೂಪಾಯಿ ಕೊಡುವುದೇ ಎಂದು ಮನೆಯಲ್ಲಿ ಎದ್ದ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಾನು ಕೊಟ್ಟ ಉತ್ತರವೆಂದರೆ, ಲೆನ್ಸಿನ ಬಾಯಿಯೂ ಸೆನ್ಸರ್‌ನ ಅಳತೆಯೂ ವರ್ಷ ಕಳೆದಂತೆ ಕುಗ್ಗುವುದಿಲ್ಲ ಎಂಬುದು.

ಹಳೆಯದನ್ನು ಕೊಳ್ಳುವಾಗ ಮಾಡಿದ ಪರೀಕ್ಷೆಗಳನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬೆಂಗಳೂರಿನಲ್ಲಿ ನಾನು ನೋಡಿದ ಮೂರು ಕ್ಯಾಮೆರಾಗಳಲ್ಲಿ ಎರಡನ್ನು ಕೈಬಿಟ್ಟದ್ದು ಇವುಗಳಿಂದಲೇ. ಕಾಂಪ್ಯಾಕ್ಟ್ ಕ್ಯಾಮೆರಾಗಳ ಲೆನ್ಸ್ ಒಳಗೆ ಹೊರಗೆ ಸರಿಯುವಾಗ ಧೂಳನ್ನು ಎಳೆದುಕೊಳ್ಳುತ್ತದೆ, ಮತ್ತು ಲೆನ್ಸ್ ಕಳಚಲು ಬರುವುದಿಲ್ಲವಾದ್ದರಿಂದ ಆ ಧೂಳನ್ನು ಒರೆಸಲು ಇಡೀ ಕ್ಯಾಮೆರಾವನ್ನೇ ಬಿಚ್ಚಬೇಕಾಗುತ್ತದೆ. ಪೂರ್ತಿ ಜೂಮ್ ಮಾಡಿ, ಎಫ್ 11 ಇಟ್ಟು, ತಿಳಿ ಆಕಾಶದ ಒಂದು ಫೋಟೊ ತೆಗೆದರೆ ಧೂಳೆಲ್ಲ ಮಸಿಯ ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಮೊದಲನೆಯ ಕ್ಯಾಮೆರಾದಲ್ಲಿ ಏಳು ಚುಕ್ಕೆಗಳನ್ನು ಎಣಿಸಿದೆ. ಎರಡನೆಯದರ ಮೆನು ಪೂರ್ತಿ ಜಪಾನಿ ಭಾಷೆಯಲ್ಲಿತ್ತು. ಜಪಾನಿನ ಒಳಮಾರುಕಟ್ಟೆಗೆಂದು ಮಾಡಿದ ಸೋನಿ ಕ್ಯಾಮೆರಾಗಳಲ್ಲಿ ಬೇರೆ ಭಾಷೆ ಇರುವುದಿಲ್ಲ. ಮಾರುವವನು "ಸೆಟ್ಟಿಂಗ್‌ನಲ್ಲಿ ಬದಲಾಯಿಸ್ಕೊಳಿ ಸರ್" ಎಂದು ಹೇಳಿದನೇ ಹೊರತು, ಎಷ್ಟು ಕೇಳಿದರೂ ಬದಲಾಯಿಸಿ ತೋರಿಸಲಿಲ್ಲ. ಮೂರನೆಯದನ್ನು ಕಿವಿಯ ಹತ್ತಿರ ಹಿಡಿದು ಹತ್ತು ಬಾರಿ ಆನ್ ಆಫ್ ಮಾಡಿದೆ, ಲೆನ್ಸ್ ತಡೆಯಿಲ್ಲದೆ ಒಂದೇ ಸದ್ದಿನಲ್ಲಿ ಸರಿಯುತ್ತಿತ್ತು. ಮೂಲ ಬಿಲ್ಲಿನಲ್ಲಿದ್ದ ಸೀರಿಯಲ್ ನಂಬರ್ ಕ್ಯಾಮೆರಾದ ತಳದಲ್ಲಿದ್ದುದಕ್ಕೆ ತಾಳೆಯಾಯಿತು. ಬ್ಯಾಟರಿ ಮಾತ್ರ ಊದಿಕೊಂಡು ಗೂಡಿನಿಂದ ಹೊರಬರಲು ತಕರಾರು ಮಾಡಿತು. ಅದನ್ನು ತೋರಿಸಿ ಒಂದು ಸಾವಿರ ಕಡಿಮೆ ಮಾಡಿಸಿಕೊಂಡೆ.

ಫೋಟೊದ ವಿಷಯ ಅಲ್ಲಿಗೆ ಮುಗಿಯಿತು. ವಿಡಿಯೊದ್ದು ಬೇರೆಯೇ ಪುರಾಣ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು, ಅದರಲ್ಲಿ ಉರಿಯುವ ಟ್ಯೂಬ್‌ಲೈಟು ಮತ್ತು ಅನೇಕ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಇದು ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ವೇಗ, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/60 ಅಥವಾ 1/125 ಇದ್ದರೆ ಅದು ಒಂದು ಮಿನುಗನ್ನು ಅರ್ಧದಲ್ಲಿ ಕತ್ತರಿಸುವುದರಿಂದ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ನಿಧಾನವಾಗಿ ಉರುಳತೊಡಗುತ್ತವೆ. 1/50 ಅಥವಾ 1/100 ಇಟ್ಟರೆ ಪೂರ್ಣ ಮಿನುಗುಗಳೇ ಸಿಕ್ಕಿ ಪಟ್ಟಿ ಮಾಯವಾಗುತ್ತದೆ. ಆದ್ದರಿಂದ ಕ್ಯಾಮೆರಾವನ್ನು 50 ಆವರ್ತದ ವಿದ್ಯುತ್ತಿಗೆ ಹೊಂದುವ ಪಾಲ್ ಎಂಬ ವಿಡಿಯೊ ಪದ್ಧತಿಗೆ ಬದಲಿಸಿ, ಸೆಕೆಂಡಿಗೆ 25 ಚಿತ್ರ, ಶಟರ್ 1/50 ಎಂದು ಕಟ್ಟಿಹಾಕಿದ್ದೇನೆ. ರಂಗದ ಅಲಂಕಾರದ ಬಣ್ಣದ ಎಲ್‌ಇಡಿಗಳು ತಮ್ಮದೇ ಲೆಕ್ಕದಲ್ಲಿ ಮಿನುಗುತ್ತವೆ, ಅವುಗಳಿಗೆ ಈ ಮದ್ದು ಪ್ರತಿಸಲ ತಾಗುವುದಿಲ್ಲ.

4ಕೆ ಇಲ್ಲದ್ದಕ್ಕೆ ನನಗೆ ಬೇಸರವಾಗಿಲ್ಲ. ಸೆಕೆಂಡಿಗೆ 50 ಮೆಗಾಬಿಟ್‌ನ ನನ್ನ ವಿಡಿಯೊ ಗಂಟೆಗೆ 22 ಜಿಬಿಯಷ್ಟು ತುಂಬುತ್ತದೆ, 100 ಮೆಗಾಬಿಟ್‌ನ 4ಕೆ ಅದರ ಎರಡರಷ್ಟು. ಸಂಜೆ ಏಳಕ್ಕೆ ಶುರುವಾಗಿ ನಡುರಾತ್ರಿಗೆ ಮಂಗಳ ಹಾಡುವ ಕಾಲಮಿತಿ ಆಟಕ್ಕೂ ಅಷ್ಟು ಕಾರ್ಡುಗಳನ್ನು ಹೊಂದಿಸುವುದು ಕಷ್ಟ. ಇನ್ನೊಂದು ಕಟ್ಟುಪಾಡಿನ ಕಥೆ ನಗು ತರಿಸುತ್ತದೆ. ಸುಮಾರು 29 ನಿಮಿಷ ಆಗುತ್ತಲೇ ಈ ಕ್ಯಾಮೆರಾ ತಾನಾಗಿ ರೆಕಾರ್ಡಿಂಗ್ ನಿಲ್ಲಿಸುತ್ತದೆ. 30 ನಿಮಿಷ ಅಥವಾ ಹೆಚ್ಚು ಹೊತ್ತು ಎಡೆಬಿಡದೆ ಚಿತ್ರೀಕರಿಸುವ ಯಂತ್ರವನ್ನು ಯುರೋಪಿನ ಸುಂಕದ ಲೆಕ್ಕದಲ್ಲಿ ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದುದೇ ಬಹುಪಾಲು ಕ್ಯಾಮೆರಾಗಳಲ್ಲಿದ್ದ ಈ ಮಿತಿಗೆ ಕಾರಣ. ಎಲ್ಲಿಯದೋ ಸುಂಕದ ಕಟ್ಟೆ, ನಮ್ಮೂರ ಭಾಗವತರ ಪದ್ಯ ಅರ್ಧಕ್ಕೆ ತುಂಡಾಗುತ್ತದೆ. ಈಗ 25 ನಿಮಿಷಕ್ಕೆ ಫೋನಿನಲ್ಲಿ ಅಲಾರಂ ಇಟ್ಟು, ವೇಷ ಒಳಹೋಗುವ ಹೊತ್ತು ನೋಡಿ ನಾನೇ ನಿಲ್ಲಿಸಿ ಮತ್ತೆ ಒತ್ತುತ್ತೇನೆ.

ಧ್ವನಿಯ ಬಗ್ಗೆ ನನಗೆ ಮೊದಲು ಯೋಚನೆಯೇ ಇರಲಿಲ್ಲ. ಕ್ಯಾಮೆರಾದ ತಲೆಯ ಮೇಲಿರುವ ಎರಡು ಪುಟ್ಟ ತೂತುಗಳ ಮೈಕ್, ಸದ್ದು ಕಡಿಮೆಯಿದ್ದಾಗ ಏರಿಸಿ ಹೆಚ್ಚಾದಾಗ ಇಳಿಸುವ ಕೆಲಸವನ್ನು ತಾನೇ ಮಾಡುತ್ತದೆ. ಅರ್ಥಗಾರಿಕೆಯ ನಡುವೆ ಚಂಡೆಯ ಒಂದು ಪೆಟ್ಟು ಬಿದ್ದರೆ ಅದು ಬೆಚ್ಚಿಬಿದ್ದು ಎಲ್ಲವನ್ನೂ ತಗ್ಗಿಸಿಬಿಡುತ್ತದೆ. ಮುಂದಿನ ಎರಡು ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಹಾಗಾಗಿ ಧ್ವನಿಗೆ ಬೇರೆಯೇ ಒಂದು ಸಣ್ಣ ರೆಕಾರ್ಡರ್ ಇಟ್ಟು, ಅದರ ಮಟ್ಟವನ್ನು ಚಂಡೆಯ ಅಬ್ಬರಕ್ಕೆ ಹೊಂದುವಂತೆ ಕೈಯಾರೆ ತಗ್ಗಿಸಿ, ಧ್ವನಿವರ್ಧಕದಿಂದ ದೂರ, ಹಿಮ್ಮೇಳದ ಕಡೆಗೆ ಮುಖ ಮಾಡಿ ಕಂಬಕ್ಕೆ ಕಟ್ಟುತ್ತೇನೆ. ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೆ, ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರವನ್ನೂ ಧ್ವನಿಯನ್ನೂ ಜೋಡಿಸುವುದು ಸುಲಭ. ಮಾತು ಮುಖ್ಯವಾದ ವಿಡಿಯೊ ಮಾಡುವವರು, ಹಣ ಸ್ವಲ್ಪ ಹೆಚ್ಚಾದರೂ ಸರಿ, ಮೈಕ್ ತೂತಿರುವ ಕ್ಯಾಮೆರಾವನ್ನೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ನನ್ನ ದಾರಿ ಹಣ ಉಳಿಸುತ್ತದೆ, ಸಮಯವನ್ನಲ್ಲ.

ಕೊಂಡ ಮೇಲೆ ತಿಳಿದ ಎರಡು ಸಂಗತಿಗಳಿವೆ. ಈ ಕ್ಯಾಮೆರಾದ ಮೂಲೆಯಿಂದ ಪುಟಿದು ಮೇಲೇಳುವ ಪುಟ್ಟ ಕಣ್ಗಿಂಡಿಯನ್ನು (ವ್ಯೂಫೈಂಡರ್) ನಾನು ಬಿಸಿಲಿಗೆಂದು ಲೆಕ್ಕ ಹಾಕಿದ್ದೆ. ಅದು ನಿಜವಾಗಿ ಉಪಕಾರಕ್ಕೆ ಬಂದದ್ದು ಕತ್ತಲೆಯಲ್ಲಿ. ಹಿಂದಿನ ಪರದೆಯ ಬೆಳಕು ಹಿಂದೆ ಕುಳಿತವರ ಕಣ್ಣಿಗೆ ಹೊಡೆದು ಅವರು ಗೊಣಗುವುದು ನಿಂತಿತು. ಇನ್ನೊಂದು, ಮಬ್ಬು ಬೆಳಕಿನಲ್ಲಿ ತಾನಾಗಿ ಫೋಕಸ್ ಹುಡುಕಲು ಬಿಟ್ಟರೆ ಕ್ಯಾಮೆರಾ ಹಿಂದೆ ಮುಂದೆ ತಡಕಾಡುತ್ತದೆ. ರಂಗಸ್ಥಳದ ನಡುವಿಗೆ ಒಮ್ಮೆ ಫೋಕಸ್ ಮಾಡಿ ಹಾಗೆಯೇ ಬಿಡುವುದು ಲೇಸು. ಸೆನ್ಸರ್ ತೀರಾ ದೊಡ್ಡದಲ್ಲದ ಕಾರಣ, ವೇಷ ನಾಲ್ಕು ಹೆಜ್ಜೆ ಮುಂದೆ ಬಂದರೂ ಮುಖ ಮಸುಕಾಗುವುದಿಲ್ಲ. ಕೆಂಪು ಬಣ್ಣದ ತೊಂದರೆ ಮಾತ್ರ ಉಳಿದಿದೆ: ಎಲ್‌ಇಡಿ ಬೆಳಕಿನಲ್ಲಿ ವೇಷದ ಅಂಗಿಯಾದ ಕೆಂಪು ದಗಲೆಯ ಮಡಿಕೆಗಳೆಲ್ಲ ಕರಗಿ ಒಂದೇ ಬಣ್ಣದ ತೇಪೆಯಾಗುತ್ತವೆ, ಬೆಳಕನ್ನು ಒಂದು ಮೆಟ್ಟಿಲು ತಗ್ಗಿಸಿ ತೆಗೆದರೆ ಅರ್ಧ ಮಾತ್ರ ಸರಿಹೋಗುತ್ತದೆ.

ದೀಪಾವಳಿ ಕಳೆದ ಮೇಲಿನ ಮೊದಲ ಆಟವನ್ನು ಹೀಗೆ ತೆಗೆದು, ಜೋಡಿಸಿ, ಲ್ಯಾಪ್‌ಟಾಪನ್ನು ಜಗುಲಿಯಲ್ಲಿಟ್ಟು ಚಿಕ್ಕಪ್ಪನಿಗೆ ತೋರಿಸಿದೆ. ಈ ಬಾರಿ ಕಣ್ಣು ಕಾಣುತ್ತಿತ್ತು, ಕಾಡಿಗೆಯ ಗೆರೆಯೂ ಕಾಣುತ್ತಿತ್ತು. ಅವರು ಅದರ ಬಗ್ಗೆ ಏನನ್ನೂ ಹೇಳದೆ, ಕುಣಿತದ ಕೊನೆಯ ಭಾಗ ಬಂದಾಗ ಕೈಯೆತ್ತಿ ನಿಲ್ಲಿಸಿದರು. "ಚಂಡೆ ತಡ ಬೀಳ್ತದೆ. ನಾನು ಹೆಜ್ಜೆ ಇಟ್ಟಾಗಿದೆ, ಪೆಟ್ಟು ಆಮೇಲೆ ಬಂತು." ನನಗೆ ಕೇಳಿಸಿರಲಿಲ್ಲ. ಆರಂಭದ ಚಪ್ಪಾಳೆಯ ಜಾಗದಲ್ಲಿ ಎಲ್ಲ ಸರಿಯಿತ್ತು. ಎರಡು ಯಂತ್ರಗಳ ಗಡಿಯಾರಗಳು ಕೂದಲೆಳೆಯಷ್ಟು ಬೇರೆ ವೇಗದಲ್ಲಿ ಓಡಿ, ಅರ್ಧ ಗಂಟೆಯ ತುದಿಗೆ ಬರುವಷ್ಟರಲ್ಲಿ ಧ್ವನಿ ಎರಡು ಫ್ರೇಮ್, ಅಂದರೆ ಸೆಕೆಂಡಿನ ನೂರರಲ್ಲಿ ಎಂಟು ಪಾಲು, ಹಿಂದೆ ಬಿದ್ದಿತ್ತು. ಕೊನೆಯ ಹತ್ತು ನಿಮಿಷದ ಧ್ವನಿಯನ್ನು ಕತ್ತರಿಸಿ ಎರಡು ಫ್ರೇಮ್ ಮುಂದೆ ಸರಿಸಿದೆ. ಅವರು ಮತ್ತೊಮ್ಮೆ ನೋಡಿ, ಈ ಸಲ ತಲೆಯಾಡಿಸುವ ಬದಲು ಬೆರಳಿನಿಂದ ಜಗುಲಿಯ ಮೇಲೆ ತಾಳ ಹಾಕತೊಡಗಿದರು.