300 ಮೀಟರ್ ಬೀದಿಗೆ ಎರಡು ಗಂಟೆ ಬೇಕು

ಕ್ರೊಯೇಷಿಯಾದ ಡುಬ್ರೊವ್‌ನಿಕ್ ಕೋಟೆಯೊಳಗಿನ ಸ್ಟ್ರಾಡೂನ್ ಬೀದಿಗೆ ಪ್ರವಾಸದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆ ಬರೆದಿರುತ್ತಾರೆ. ಲೆಕ್ಕ ಸುಲಭ. ಪಶ್ಚಿಮದ ಪಿಲೆ ಬಾಗಿಲಿನಿಂದ ಪೂರ್ವದ ಲೂಜಾ ಚೌಕದವರೆಗೆ ಸುಮಾರು 300 ಮೀಟರ್, ನೇರ, ಸಪಾಟು, ಮೊಮ್ಮಕ್ಕಳ ಕೈ ಹಿಡಿದು ನಿಧಾನವಾಗಿ ನಡೆದರೂ ಐದಾರು ನಿಮಿಷ. ಉಳಿದ ಹೊತ್ತು ಫೋಟೊಗೆ. ಕನ್ನಡಿಗರ ಗುಂಪುಗಳನ್ನು ಯೂರೋಪಿಗೆ ಕರೆದೊಯ್ಯುವ ಟೂರ್ ಮ್ಯಾನೇಜರ್ ಆಗಿ ಪ್ರತಿ ಸೀಸನ್ನಿಗೆ ಮುಂಚೆ ನಾನು ಆಫೀಸಿನಲ್ಲಿ ಕೇಳುವುದು ಒಂದೇ: ಆ ಬೀದಿಗೆ ಎರಡು ಗಂಟೆ ಕೊಡಿ, ಬೇಕಾದರೆ ದಾರಿಯಲ್ಲಿನ ಇನ್ನೊಂದು ಊರನ್ನು ಬಿಡಿ.

ಈ ಕೆಲಸದಲ್ಲಿ ನನಗೆ ಸ್ಪಷ್ಟವಾಗಿ ತಿಳಿದಿರುವ ವಿಷಯ ಒಂದಿದೆ. ಕೋಚ್‌ನಲ್ಲಿ ಮೈಕ್ ಹಿಡಿದು ಹೇಳಿದ ಇತಿಹಾಸ ಕೋಚ್‌ನಲ್ಲೇ ಉಳಿದುಹೋಗುತ್ತದೆ. ಅದೇ ಮಾತನ್ನು ಅದಕ್ಕೆ ಸಂಬಂಧಪಟ್ಟ ಕಲ್ಲಿನ ಮುಂದೆ, ಜನರ ಕೈ ಆ ಕಲ್ಲಿನ ಮೇಲಿರುವಾಗ ಹೇಳಿದರೆ ಅದು ಊರಿನವರೆಗೂ ಬರುತ್ತದೆ. ಸ್ಟ್ರಾಡೂನ್‌ನಲ್ಲಿ ಇದು ಎಷ್ಟು ನಿಜವೋ ನಾನು ಕಂಡ ಬೇರೆ ಯಾವ ಬೀದಿಯಲ್ಲೂ ಅಷ್ಟು ನಿಜವಲ್ಲ. ಯಾಕೆಂದರೆ ಇಲ್ಲಿ ಒಂದು ಊರು ಕೂತು ಮಾಡಿದ ತೀರ್ಮಾನಗಳೆಲ್ಲ ಬಾಗಿಲು, ಕಟ್ಟೆ, ಮಹಡಿಗಳಾಗಿ ಕಣ್ಣೆದುರೇ ನಿಂತಿವೆ.

ಮೊದಲು ಗುಂಪನ್ನು ಬೀದಿಯ ನಟ್ಟನಡುವೆ ನಿಲ್ಲಿಸಿ ಎರಡೂ ಕಡೆಯ ಓಣಿಗಳನ್ನು ನೋಡಿ ಎನ್ನುತ್ತೇನೆ. ಉತ್ತರದ ಓಣಿಗಳು ಮೆಟ್ಟಿಲು ಮೆಟ್ಟಿಲಾಗಿ ಸ್ರ್ಜ್ ಗುಡ್ಡದ ಕಡೆಗೆ ಏರುತ್ತವೆ. ದಕ್ಷಿಣದವು ಸ್ವಲ್ಪ ದೂರ ಸಪಾಟಾಗಿ ಹೋಗಿ ಸಮುದ್ರದ ಬಂಡೆಯ ಮೇಲೆ ಹತ್ತುತ್ತವೆ. ಅಂದರೆ ನಾವು ನಿಂತಿರುವುದೇ ತಗ್ಗು. ಒಂದು ಕಾಲಕ್ಕೆ ಇಲ್ಲಿ ನೀರು, ಜೌಗು ಇತ್ತು. ಆ ಕಡೆ ಬಂಡೆಯ ಮೇಲೆ ಒಂದು ಊರು, ಈ ಕಡೆ ಗುಡ್ಡದ ಬುಡದಲ್ಲಿ ಇನ್ನೊಂದು. ನಡುವಿನ ನೀರನ್ನು ಮುಚ್ಚಿ ಎರಡನ್ನೂ ಸೇರಿಸಿದ ಜಾಗವೇ ಈ ಬೀದಿ. 1468ರಲ್ಲಿ ಸುಣ್ಣಕಲ್ಲಿನ ಚಪ್ಪಡಿ ಹಾಸಿದರು. ಇಷ್ಟು ಹೇಳಿದರೆ ಸಾಕು, ಜನ ತಾವಾಗಿಯೇ ಕಾಲಡಿ ನೋಡತೊಡಗುತ್ತಾರೆ.

ನೋಡಲೇಬೇಕು ಕೂಡ. ಶತಮಾನಗಳ ಓಡಾಟದಿಂದ ಈ ಕಲ್ಲು ಕನ್ನಡಿಯಂತೆ ನುಣುಪಾಗಿದೆ. ಒಂದು ಹನಿ ಮಳೆ ಬಿದ್ದರೆ ಚಪ್ಪಲಿ ಹಾಕಿದವರಿಗೆ ಅಪಾಯ. ಹಿಂದಿನ ರಾತ್ರಿಯೇ ಹೋಟೆಲಿನಲ್ಲಿ ಎಲ್ಲರಿಗೂ ಹೇಳುತ್ತೇನೆ: ನಾಳೆ ರಬ್ಬರ್ ಸೋಲಿನ ಶೂ, ಸೀರೆ ಉಟ್ಟವರಿಗೂ ಅದೇ.

ಆಮೇಲೆ ಮನೆಗಳು. ಗೈಡ್ ಬಾಯಿ ತೆರೆಯುವ ಮೊದಲು ಗುಂಪಿಗೆ ಒಂದು ಕೆಲಸ ಕೊಡುತ್ತೇವೆ: ಈ ಮನೆಗೂ ಪಕ್ಕದ ಮನೆಗೂ ಏನು ವ್ಯತ್ಯಾಸ, ಹುಡುಕಿ. ಹತ್ತು ನಿಮಿಷ ಹುಡುಕುತ್ತಾರೆ. ಎತ್ತರ ಒಂದೇ, ಕಲ್ಲು ಒಂದೇ, ಕಿಟಕಿಯ ಸಾಲು ಒಂದೇ. ಹುಡುಕಿ ಸುಸ್ತಾದ ಮೇಲೆಯೇ 1667ರ ಏಪ್ರಿಲ್ 6ರ ಭೂಕಂಪದ ಮಾತು. ಆ ದಿನ ಊರಿನ ಬಹುಪಾಲು ನೆಲಸಮವಾಯಿತು, ಸಾವಿರಾರು ಜನ ಸತ್ತರು, ಊರಿನ ಆಡಳಿತದ ಮುಖ್ಯಸ್ಥರಾದ ಆಗಿನ ರೆಕ್ಟರ್ ಕೂಡ ಅವಶೇಷದಡಿ ಸತ್ತರು, ಅದರ ಹಿಂದೆಯೇ ಬೆಂಕಿ. ರಗೂಸ ಎಂದು ಕರೆಸಿಕೊಳ್ಳುತ್ತಿದ್ದ ಈ ಪುಟ್ಟ ಗಣರಾಜ್ಯದ ಸೆನೆಟ್ ಬೀದಿಯನ್ನು ಮತ್ತೆ ಕಟ್ಟಿಸಿದಾಗ ಎಲ್ಲರಿಗೂ ಒಂದೇ ನಮೂನೆ ಗೊತ್ತುಮಾಡಿತು. ಕೆಳಗೆ ಅಂಗಡಿ, ಅದರ ಮೇಲೆ ವಾಸ, ಅಡುಗೆಮನೆ ಎಲ್ಲಕ್ಕಿಂತ ಮೇಲೆ. ಒಲೆಯ ಬೆಂಕಿ ಹತ್ತಿಕೊಂಡರೂ ಮನೆಯನ್ನೆಲ್ಲ ಸುಡಬಾರದು ಎಂಬ ಎಚ್ಚರ.

ಒಮ್ಮೆ ಮೈಸೂರಿನ ಹಿರಿಯರೊಬ್ಬರು ಇದನ್ನು ಕೇಳಿ, "ಹಾಗಾದ್ರೆ ನೀರು, ಸೌದೆ ಎಲ್ಲ ಅಷ್ಟು ಮೇಲಕ್ಕೆ ಹೊತ್ತೋರು ಯಾರಪ್ಪಾ?" ಎಂದರು. ಅಡುಗೆಮನೆಯಲ್ಲಿ ಬಾಳು ಸವೆಸಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಅಂದಿನಿಂದ ಗೈಡ್ ಕೇಳದಿದ್ದರೂ ಗುಂಪಿನ ಮುಂದೆ ಆ ಪ್ರಶ್ನೆಯನ್ನು ನಾನೇ ಇಡುತ್ತೇನೆ. ಯಾಕೆಂದರೆ ಅದರ ನಂತರ ಪಿಲೆ ಬಾಗಿಲ ಬಳಿಯ ದೊಡ್ಡ ಒನೊಫ್ರಿಯೊ ಕಾರಂಜಿ ಬೇರೆಯಾಗಿಯೇ ಕಾಣುತ್ತದೆ. ಇಟಲಿಯ ಒನೊಫ್ರಿಯೊ ಡೆಲ್ಲಾ ಕಾವಾ 1438ರ ಹೊತ್ತಿಗೆ ಸುಮಾರು 12 ಕಿಲೋಮೀಟರ್ ದೂರದ ಬುಗ್ಗೆಯಿಂದ ಕಾಲುವೆಯಲ್ಲಿ ನೀರು ತಂದು ಇಲ್ಲಿಗೆ ಮುಟ್ಟಿಸಿದರು. ಹದಿನಾರು ಕಲ್ಲಿನ ಮುಖಗಳ ಬಾಯಿಂದ ನೀರು ಬರುತ್ತದೆ, ಇಂದಿಗೂ ಕುಡಿಯಬಹುದು. ನಮ್ಮವರು ಬಾಟಲಿ ತುಂಬಿಸಿಕೊಳ್ಳುತ್ತ ತಲೆಯೆತ್ತಿ ಮೇಲಿನ ಕಿಟಕಿಗಳನ್ನು ಎಣಿಸುತ್ತಾರೆ.

ಅಂಗಡಿಯ ಬಾಗಿಲಿಗೆ ಬರೋಣ. ಬಾಗಿಲು, ಕಿಟಕಿ ಎರಡಕ್ಕೂ ಸೇರಿ ಒಂದೇ ಕಮಾನು. ಕಿಟಕಿಯ ಭಾಗದಲ್ಲಿ ಸೊಂಟದೆತ್ತರಕ್ಕೆ ಕಲ್ಲಿನ ಕಟ್ಟೆ. ಬದಿಯಿಂದ ನೋಡಿದರೆ ಮಡಿಸಿದ ಮೊಣಕಾಲಿನ ಆಕಾರ. ಹುಬ್ಬಳ್ಳಿಯ ಜವಳಿ ವ್ಯಾಪಾರಿಯೊಬ್ಬರು ಆ ಕಟ್ಟೆಯ ಮೇಲೆ ಅಂಗೈ ಊರಿ ನಿಂತು ಹೇಳಿದ್ದು ನನಗೆ ಯಾವ ಗೈಡ್ ಹೇಳಿದ್ದಕ್ಕಿಂತ ಚೆನ್ನಾಗಿ ನೆನಪಿದೆ: "ಗಿರಾಕಿ ಒಳಗ ಬರಂಗಿಲ್ಲ, ಮಾಲು ಕೈ ಬಿಟ್ಟು ಹೋಗಂಗಿಲ್ಲ, ವ್ಯವಹಾರ ಎಲ್ಲಾ ಈ ಕಟ್ಟಿ ಮ್ಯಾಲೇ ಮುಗೀತದ ನೋಡ್ರಿ." ತಮ್ಮ ಕಸುಬಿನ ಮೂಲಕ ಒಂದು ಜಾಗವನ್ನು ಓದಬಲ್ಲವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಗಾರೆ ಕೆಲಸ ಬಲ್ಲವರು, ಬ್ಯಾಂಕಿನವರು, ನರ್ಸ್ ಆಗಿ ನಿವೃತ್ತರಾದವರು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವಾಗಲೇ ಯಾರು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿಟ್ಟುಕೊಳ್ಳುವುದನ್ನು ನಾನು ಇದಕ್ಕಾಗಿಯೇ ರೂಢಿ ಮಾಡಿಕೊಂಡೆ. ನರ್ಸ್ ಇದ್ದರೆ ಫ್ರಾನ್ಸಿಸ್ಕನ್ ಮಠದ ಔಷಧಾಲಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇವೆ. ಅದು 1317ರಿಂದ ಇದೆ. ಪ್ಲೇಗ್ ಇದ್ದ ಕಡೆಯಿಂದ ಬಂದವರನ್ನು ಬೇರೆಯಾಗಿ ತಡೆದಿಡುವ ಕಾನೂನನ್ನು 1377ರಲ್ಲಿ ಮಾಡಿದ ಊರು ಇದು ಎಂದರೆ ಕೋವಿಡ್ ವಾರ್ಡಿನಲ್ಲಿ ದುಡಿದವರು ಬಿಡಿಸಿ ಬಿಡಿಸಿ ಕೇಳುತ್ತಾರೆ.

ಆ ಜವಳಿ ವ್ಯಾಪಾರಿಯವರನ್ನು ಬೀದಿಯ ಕೊನೆಯಲ್ಲಿ ಒರ್ಲಾಂಡೊ ಕಂಬದ ಹತ್ತಿರ ಕರೆದೊಯ್ದಾಗ ಅವರ ಮುಖ ನೋಡಬೇಕಿತ್ತು. 1418ರಲ್ಲಿ ನಿಲ್ಲಿಸಿದ ಕಲ್ಲಿನ ಯೋಧ. ಅವನ ಮುಂಗೈಯ ಉದ್ದವೇ ಊರಿನ ಬಟ್ಟೆಯ ಅಳತೆ, 51 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಯಾವ ವ್ಯಾಪಾರಿಯ ಮೇಲೆ ಅನುಮಾನ ಬಂದರೂ ಕಂಬದ ಹತ್ತಿರ ಬಂದು ಅಳೆದು ನೋಡಬಹುದಿತ್ತು. ನಮ್ಮ ಮೊಳದ ಲೆಕ್ಕ! ಎಲ್ಲರೂ ತಮ್ಮ ತಮ್ಮ ಮೊಣಕೈ ಮಡಿಸಿ ಅಳೆಯಲು ಶುರುಮಾಡಿದರು. ಎದುರಿಗೇ ಸ್ಪೊಂಜಾ ಅರಮನೆ, 1516ರಿಂದ 1522ರ ನಡುವೆ ಕಟ್ಟಿದ ಸುಂಕದ ಮನೆ, ಭೂಕಂಪಕ್ಕೂ ಜಗ್ಗದ ಕಟ್ಟಡ. ಒಳಗಿನ ಕಮಾನಿನ ಮೇಲೆ ಲ್ಯಾಟಿನ್ನಿನಲ್ಲಿ ಕೆತ್ತಿದ್ದಾರೆ: ನಮ್ಮ ತೂಕ ಮೋಸ ಮಾಡಲೂ ಬಿಡದು, ಮೋಸ ಹೋಗಲೂ ಬಿಡದು; ನಾನು ಸರಕು ತೂಗುವಾಗ ದೇವರು ನನ್ನನ್ನು ತೂಗುತ್ತಿರುತ್ತಾನೆ. ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಆ ವ್ಯಾಪಾರಿ ಎರಡೂ ಕೈ ಜೋಡಿಸಿದರು.

ಊರಿನ ಸುತ್ತಲ ಕೋಟೆಗೋಡೆಯ ಮೇಲಿನ ನಡಿಗೆ 1940 ಮೀಟರ್, ಒಂದೇ ದಿಕ್ಕು, ನೆರಳು ಬಹಳ ಕಡಿಮೆ. ಮಂಡಿನೋವು ಇರುವವರನ್ನು ಒತ್ತಾಯಿಸಬಾರದು. ಅವರಿಗೆ ಕೆಳಗೆ ನೆರಳಲ್ಲಿ ಕೂರುವ ಜಾಗ ಮೊದಲೇ ಗೊತ್ತುಮಾಡಿಡಬೇಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿಬಿಡಬೇಕು. ಹಡಗುಗಳಿಂದ ಇಳಿದವರ ಗುಂಪು ಸೇರಿದ ಮೇಲೆ ಹೋದರೆ ಮುಂದಿನವರ ಬೆನ್ನಷ್ಟೇ ಕಾಣುವುದು. ಒಂದು ಹೊತ್ತಿಗೆ ಎರಡು ಕ್ರೂಸ್ ಹಡಗು ಮಾತ್ರ ಎಂದು ಊರಿನವರು 2019ರಲ್ಲಿ ಮಿತಿ ಹಾಕಿಕೊಂಡದ್ದು ಅದಕ್ಕೇ. ಅದು ಇನ್ನೂ ಜನ ಬಾಳುತ್ತಿರುವ ಊರು, ಕಿಟಕಿಗಳ ನಡುವೆ ಬಟ್ಟೆ ಒಣಗುತ್ತಿರುತ್ತದೆ. ಓಣಿಗಳಲ್ಲಿ ಸ್ಪೀಕರ್ ಬೇಡ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಮೇಲಿನಿಂದ ಹೆಂಚುಗಳು ಎರಡು ಬಣ್ಣದಲ್ಲಿ ಕಾಣುತ್ತವೆ. ಹಳೆಯವು ಮಾಸಿದ ಕಂದು, ಹೊಸವು ಕಡುಕೆಂಪು. ಹೊಸ ಹೆಂಚು ಅಷ್ಟೊಂದಿರಲು ಕಾರಣ ಕ್ರೊಯೇಷಿಯಾ ಯುಗೊಸ್ಲಾವಿಯಾದಿಂದ ಬೇರೆಯಾಗಲು ಹೊರಟ 1991ರ ಮುತ್ತಿಗೆ. ಯುಗೊಸ್ಲಾವ್ ಸೇನೆ ಆ ವರ್ಷ ಡಿಸೆಂಬರ್ 6ರಂದು ಹಳೆಯ ಊರಿನ ಮೇಲೆ ಅತಿ ಹೆಚ್ಚು ಶೆಲ್ ಹಾಕಿತು. ಮುತ್ತಿಗೆ ಮುಗಿಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಡಗಳಿಗೆ ಪೆಟ್ಟಾಗಿತ್ತು. 1979ರಿಂದ ಯುನೆಸ್ಕೊ ಪಟ್ಟಿಯಲ್ಲಿದ್ದ ಊರು 1998ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಕ್ರೊಯೇಷಿಯಾದಲ್ಲಿ ಇಂಥ ಜಾಗಗಳಲ್ಲಿ ವಿವರಣೆ ಕೊಡಲು ಲೈಸೆನ್ಸ್ ಇರುವ ಸ್ಥಳೀಯ ಗೈಡ್ ಬೇಕು, ನನ್ನ ಪಾಲಿಗೆ ಬರುವುದು ಅವರ ಇಂಗ್ಲಿಷನ್ನು ಹೆಡ್‌ಸೆಟ್ಟಿನಲ್ಲಿ ಕನ್ನಡಕ್ಕೆ ತರುವ ಕೆಲಸ. ಆದರೆ ಗೈಡ್ ತಮ್ಮ ಬಾಲ್ಯದ ಆ ಚಳಿಗಾಲದ ಬಗ್ಗೆ ಮಾತಾಡಲು ತೊಡಗಿದರೆ ನಾನು ನನ್ನ ಮೈಕ್ ಆಫ್ ಮಾಡುತ್ತೇನೆ. ಭಾಷೆ ಬಾರದವರೂ ಅವರ ಮುಖ ನೋಡಿಕೊಂಡು ನಿಂತಿರುತ್ತಾರೆ. ಕೆಳಗಿಳಿದ ಮೇಲೆ, ಪಿಲೆ ಬಾಗಿಲ ಬಳಿ ಶೆಲ್ ಬಿದ್ದ ಜಾಗಗಳನ್ನು ಗುರುತಿಸಿದ ನಕ್ಷೆಯ ಮುಂದೆ, ಅದನ್ನೆಲ್ಲ ಕನ್ನಡದಲ್ಲಿ ಹೇಳುತ್ತೇನೆ. ಅದಕ್ಕೆ ತಗಲುವ ಇಪ್ಪತ್ತು ನಿಮಿಷವನ್ನು ಯಾರೂ ಕಡಿತ ಮಾಡಬಾರದು.

ಕೋಚ್‌ನಲ್ಲೇ ಹೇಳುವ ಮಾತು ಒಂದಿದೆ, ಅದು ಕಾಣುವುದು ಅಲ್ಲಿಂದಲೇ. ಸ್ಪ್ಲಿಟ್ ಕಡೆಯಿಂದ ಬರುವಾಗ ಮೊದಲೆಲ್ಲ ಬೋಸ್ನಿಯಾಕ್ಕೆ ಸೇರಿದ ನೇಉಮ್ ಎಂಬ ಕರಾವಳಿಯ ತುಂಡಿನ ಮೂಲಕ ಹಾದು ಎರಡು ಗಡಿ ದಾಟಬೇಕಿತ್ತು. ತಮ್ಮ ಪ್ರತಿಸ್ಪರ್ಧಿ ವೆನಿಸ್ಸಿನ ನೆಲ ತಮ್ಮ ಗಡಿಗೆ ತಾಗಬಾರದೆಂದು 1699ರ ಕಾರ್ಲೊವಿಟ್ಜ್ ಒಪ್ಪಂದದ ಕಾಲದಲ್ಲಿ ರಗೂಸದವರು ಆ ತುಂಡನ್ನು ಆಟೊಮನ್ನರಿಗೆ ಬಿಟ್ಟುಕೊಟ್ಟಿದ್ದರು. ಕಲ್ಲಿನ ಗೋಡೆ ಸಾಲದೆಂದು ಪರರ ನೆಲವನ್ನೇ ಗೋಡೆಯಾಗಿಸಿಕೊಂಡ ಜಾಣತನ ಅದು. 2022ರ ಜುಲೈಯಲ್ಲಿ ಪೆಲ್ಯೆಶಾಟ್ಸ್ ಸೇತುವೆ ತೆರೆದ ಮೇಲೆ ಆ ತುಂಡಿನೊಳಗೆ ಹೋಗದೆ ಸೇತುವೆಯ ಮೇಲೆಯೇ ಬರುತ್ತೇವೆ. 2023ರ ಜನವರಿಯಿಂದ ಕ್ರೊಯೇಷಿಯಾ ಯೂರೋಪಿನ ಹಲವು ದೇಶಗಳ ಷೆಂಗೆನ್ ವೀಸಾ ಒಕ್ಕೂಟದೊಳಗೇ ಇರುವುದರಿಂದ ವೀಸಾ ಕೂಡ ಒಂದೇ. ಗಡಿಯಲ್ಲಿ ಹೋಗುತ್ತಿದ್ದ ಆ ಹೊತ್ತನ್ನೇ ಬೀದಿಗೆ ಕೊಡಿ ಎಂದು ಆಫೀಸಿನಲ್ಲಿ ವಾದಿಸಿದೆ, ಒಪ್ಪಿದರು.

ಈ ಬೀದಿಗೆ ಗುಂಪು ಕರೆತರುವ ಹೊಸ ಸಹೋದ್ಯೋಗಿಗಳಿಗೆ ಒಂದು ಮಾತು. ಎಲ್ಲರೂ ಮತ್ತೆ ಸೇರುವ ಜಾಗ "ಕಾರಂಜಿಯ ಹತ್ತಿರ" ಎಂದಷ್ಟೇ ಹೇಳಬೇಡಿ. ಪಶ್ಚಿಮದಲ್ಲಿ ದೊಡ್ಡದು, ಪೂರ್ವದಲ್ಲಿ ಚಿಕ್ಕದು, ಎರಡಕ್ಕೂ ಒನೊಫ್ರಿಯೊನದೇ ಹೆಸರು. ಹದಿನಾರು ಮುಖದ್ದು ಎಂದು ಹೇಳಿ, ಬಿಡುವಿಗೆ ಬಿಡುವ ಮುನ್ನ ಒಮ್ಮೆ ಎಲ್ಲರನ್ನೂ ಅಲ್ಲಿ ನಿಲ್ಲಿಸಿ ತೋರಿಸಿ.