ಗುಡ್ಡದ ಮೇಲಿನ ಸೈಟು

ಭಾನುವಾರ ಬೆಂಗಳೂರಿಂದ ನಂದಿ ಬೆಟ್ಟದ ಕಡೆ ಸೈಟು ನೋಡಲು ಹೋಗಿದ್ದೆವು. ಗುಡ್ಡ ಕಡಿದು ಮನೆ ಕಟ್ಟುತ್ತಾರಂತೆ. ಬ್ರೋಷರ್‌ನಲ್ಲಿ ಮಂಜು, ಬಾಲ್ಕನಿ, ಕಾಫಿ ಕಪ್ಪು ಎಲ್ಲಾ ಇದೆ. ಮಳೆ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದೊಂದು ಇಲ್ಲ. ಕೇಳಿದೆ. "ಕೆಳಗೆ ಹೋಗುತ್ತೆ ಸಾರ್" ಅಂದರು. ಕೆಳಗೆ ಅಂದರೆ ಊರು, ದ್ರಾಕ್ಷಿ ತೋಟ!

ಹತ್ತಲು ಒಂದೇ ರಸ್ತೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ನಾವು ರಿವರ್ಸ್. ಫೈರ್ ಇಂಜಿನ್ ಬರಬೇಕಾದರೆ?

2021ರ ಆಗಸ್ಟ್‌ನಲ್ಲಿ ಜೋರು ಮಳೆಗೆ ಮಣ್ಣು ಕುಸಿದು ನಂದಿ ಬೆಟ್ಟದ ರಸ್ತೆಯೇ ಬಂದ್ ಆಗಿತ್ತು, ನೆನಪಿದೆ ಅಲ್ವಾ? ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಇಲ್ಲ. ನೀರು ಕುಡಿದರೆ ಅದರ ಭಾರವೂ ಜಾಸ್ತಿ. ಸುಮ್ನೆ ಒಂದು ತಡೆಗೋಡೆ ಕಟ್ಟಿದರೆ ಸಾಲದು.

"ಗಾಳಿ ಮಾತ್ರ ಚೆನ್ನಾಗಿದೆ" ಅಂದಳು ಹೆಂಡತಿ. ಅದು ನಿಜ. ಅಡ್ವಾನ್ಸ್ ಕೊಡಲಿಲ್ಲ. ಎರಡು ಕೆಜಿ ದ್ರಾಕ್ಷಿ ತಂದೆವು.