ಮಂಡಿಯೊಳಗಿನ ಪ್ಲಾಸ್ಟಿಕ್

14 ಜುಲೈ 2024, ಭಾನುವಾರ

ನಾಡಿದ್ದು ದೊಡ್ಡಮ್ಮನ ಬಲ ಮಂಡಿಗೆ ಆಪರೇಷನ್. ನಿನ್ನೆ ಡಾಕ್ಟರು ಟೇಬಲ್ ಮೇಲಿದ್ದ ಮಾದರಿ ಮಂಡಿಯನ್ನು ಅವರ ಕೈಗೇ ಕೊಟ್ಟರು. ತೊಡೆಮೂಳೆಯ ತುದಿಗೆ ಫಳಫಳ ಹೊಳೆಯುವ ಕೋಬಾಲ್ಟ್ ಕ್ರೋಮಿಯಂ ಟೊಪ್ಪಿ. ಕೆಳಗೆ ಟೈಟಾನಿಯಂ ತಟ್ಟೆ. ನಡುವೆ ಬಿಳಿ ಪ್ಲಾಸ್ಟಿಕ್. ದೊಡ್ಡಮ್ಮ ಅದನ್ನು ಉಗುರಿನಿಂದ ಕೆರೆದು, "ಇಷ್ಟು ದುಡ್ಡು ತಗೊಂಡು ಪ್ಲಾಸ್ಟಿಕ್ ಹಾಕ್ತೀರಾ?" ಎಂದರು. ಡಾಕ್ಟರಿಗೆ ನಗು ತಡೆಯಲಿಲ್ಲ.

ರಾತ್ರಿ ಸುಮ್ನೆ ಓದುತ್ತಾ ಕೂತೆ. ಇದೇ ಪ್ಲಾಸ್ಟಿಕ್ಕನ್ನು ಮೊದಲು ಉಗುರಿನಿಂದ ಕೆರೆದು ಬೇಡ ಅಂದವರು ಜಾನ್ ಚಾರ್ನ್‌ಲಿ! ಈಗಿನ ಸೊಂಟದ ಕೀಲು ಬದಲಾವಣೆಗೆ ದಾರಿ ಮಾಡಿದ ಇಂಗ್ಲೆಂಡಿನ ಸರ್ಜನ್.

ಅವರು 1958ರಿಂದ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸೊಂಟದ ಕೀಲಿಗೆ ಸ್ಟೀಲಿನ ಒಂದು ಗುಂಡು, ಅದು ತಿರುಗಲು ಟೆಫ್ಲಾನ್ ಎಂಬ ಬೇರೊಂದು ಪ್ಲಾಸ್ಟಿಕ್ಕಿನ ಬಟ್ಟಲು ಕೂರಿಸುತ್ತಿದ್ದರು. ಟೆಫ್ಲಾನ್ ಜಾರುವುದೇನೋ ಚೆನ್ನಾಗಿ ಜಾರುತ್ತಿತ್ತು. ಆದರೆ ಬೇಗ ಸವೆಯಿತು. ಸವೆದು ಉದುರಿದ ಪುಡಿಯನ್ನು ಹೊರಗಿನದು ಅಂತ ದೇಹ ನುಂಗಲು ಹೋಗುತ್ತದೆ. ಆದರೆ ಅದು ಜೀರ್ಣವಾಗುವ ವಸ್ತುವಲ್ಲ. ಆ ಗಲಾಟೆಯಲ್ಲಿ ಸುತ್ತಲಿನ ಮೂಳೆಯೇ ಕರಗಿ ಕೀಲು ಸಡಿಲವಾಗುತ್ತದೆ. ಹಾಕಿದ ಕೀಲುಗಳನ್ನು ಚಾರ್ನ್‌ಲಿ ಮತ್ತೆ ತೆಗೆಯಬೇಕಾಯಿತು. ಟೆಫ್ಲಾನ್ ಪುಡಿಯನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಏನಾಗುತ್ತೆ ಅಂತ ನೋಡಿದರು. ಗಂಟು ಕಟ್ಟಿತು. ಎಂಥಾ ಗುಂಡಿಗೆ ಅಲ್ವಾ!

1962ರಲ್ಲಿ ಬಟ್ಟೆ ಗಿರಣಿಗಳ ಮಗ್ಗಕ್ಕೆ ಪ್ಲಾಸ್ಟಿಕ್ ಗಿಯರ್ ಮಾರುವವನೊಬ್ಬ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತುಂಡು ತಂದ. ಚಾರ್ನ್‌ಲಿ ಹೆಬ್ಬೆರಳಿನ ಉಗುರು ಊರಿ ನೋಡಿ ಎದ್ದು ಹೋದರು. ಅವರ ಟೆಕ್ನಿಷಿಯನ್ ಹ್ಯಾರಿ ಕ್ರೇವನ್ ಮಾತ್ರ ಬಿಡಲಿಲ್ಲ. ಸಾಹೇಬರು ಊರಲ್ಲಿಲ್ಲದಾಗ ಅದನ್ನು ಉಜ್ಜುವ ಯಂತ್ರಕ್ಕೆ ಹಾಕಿದರು. ಮೂರು ವಾರ ಹಗಲು ರಾತ್ರಿ ಉಜ್ಜಿದರೂ ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟೂ ಅದು ಸವೆದಿರಲಿಲ್ಲ. ಅದೇ ನವೆಂಬರಿನಲ್ಲಿ ರೋಗಿಗಳಿಗೆ ಹಾಕಲು ಶುರು ಮಾಡಿದರು. ಕ್ರೇವನ್ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು ಅಂತ ನನಗನ್ನಿಸಿತು.

ದೊಡ್ಡಮ್ಮನಿಗೆ ಹಾಕುವುದು ಅದೇ ಜಾತಿಯ ಪ್ಲಾಸ್ಟಿಕ್. ಈಗ ವಿಕಿರಣ ಹಾಯಿಸಿ ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದಿರುತ್ತಾರೆ, ಸವೆತ ಇನ್ನೂ ಕಡಿಮೆ. ಕೆಲವದಕ್ಕೆ ವಿಟಮಿನ್ ಇ ಕೂಡ ಬೆರೆಸುತ್ತಾರಂತೆ.

"ಎಲ್ಲಾ ಟೈಟಾನಿಯಂದೇ ಹಾಕಬಾರದಾ?" ಅಂತ ಅಣ್ಣ ಫೋನಿನಲ್ಲಿ ಕೇಳಿದ. ಟೈಟಾನಿಯಂ ಮೂಳೆಗೆ ಚೆನ್ನಾಗಿ ಅಂಟುತ್ತದೆ, ಉಜ್ಜಾಟಕ್ಕೆ ಆಗಿಬರಲ್ಲ. ಪ್ಲಾಸ್ಟಿಕ್ ಬಿಟ್ಟು ಲೋಹಕ್ಕೆ ಲೋಹವನ್ನೇ ಉಜ್ಜುವ ಸೊಂಟದ ಕೀಲುಗಳೂ ಬಂದಿದ್ದವು. ಅವು ಸವೆದು ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿ, ಸುತ್ತಲಿನ ಮಾಂಸ ಕೆಟ್ಟು ದೊಡ್ಡ ರಾದ್ಧಾಂತವಾಯಿತು. 2010ರಲ್ಲಿ ಡೆಪ್ಯೂ ಕಂಪನಿ ತನ್ನ ಎಎಸ್ಆರ್ ಹೆಸರಿನ ಇಂಥದೇ ಕೀಲನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡಿತು. ಭಾರತದಲ್ಲೂ ಸಾವಿರಾರು ಜನಕ್ಕೆ ಅದನ್ನು ಹಾಕಿದ್ದರು.

ಇಂಥ ಹೊತ್ತಿನಲ್ಲಿ ನಮ್ಮೊಳಗಿರುವುದು ಯಾವ ಕೀಲು ಅಂತ ಗೊತ್ತಿರಬೇಕಲ್ಲ. ಕೀಲಿನ ಡಬ್ಬಿಯ ಜೊತೆ ಬ್ಯಾಚ್ ನಂಬರಿನ ಸ್ಟಿಕ್ಕರ್ ಬರುತ್ತದೆ. ಅದನ್ನು ಡಿಸ್ಚಾರ್ಜ್ ಫೈಲಿಗೆ ಅಂಟಿಸಿಸಿಕೊಂಡು, ಒಂದು ಫೋಟೋನೂ ತೆಗೆದಿಟ್ಟುಕೋ ಅಂತ ಅಣ್ಣನಿಗೆ ಹೇಳಿದ್ದೇನೆ.